ಹಡಿಲು ಗದ್ದೆಯನ್ನು ಕಾಡಿಗೆ ಬಿಡಬಹುದೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಉಡುಪಿಯ ಕಾಪು ಕಡೆ ನಮ್ಮ ಕುಟುಂಬಕ್ಕೆ ಮೂರೂವರೆ ಎಕರೆ ಗದ್ದೆಯಿದೆ. ತಂದೆಯವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಿಂದ ಅದು ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಪಹಣಿಯಲ್ಲಿ ಏಳು ಜನರ ಹೆಸರಿದ್ದು, ಅವರಲ್ಲಿ ಐವರು ಮುಂಬಯಿ ಮತ್ತು ಸುತ್ತಮುತ್ತ ಇದ್ದೇವೆ. ಊರಿನಲ್ಲಿರುವ ದೊಡ್ಡಪ್ಪನ ಮಗ, "ಅನ್ನ ಕೊಟ್ಟ ಗದ್ದೆಯನ್ನು ಹಡಿಲು ಬಿಡಬಾರದು, ನೀವು ಒಪ್ಪಿದರೆ ಯಾರಿಂದಲಾದರೂ ಬೇಸಾಯ ಮಾಡಿಸುತ್ತೇನೆ" ಎನ್ನುತ್ತಾರೆ. ಪರಿಸರ ವಿಜ್ಞಾನ ಓದುತ್ತಿರುವ ನನ್ನ ಮಗಳು, "ಬೇಸಾಯ ಬೇಡ, ಹಾಗೆಯೇ ಬಿಡಿ, ಅದು ತಾನಾಗಿ ಕಾಡಾಗುತ್ತದೆ. ವಿದೇಶಗಳಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾರೆ" ಎಂದು ವಾದಿಸುತ್ತಾಳೆ. ಯಾರ ಮಾತಿನಲ್ಲಿ ಹೆಚ್ಚು ಹುರುಳಿದೆ?

– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಬ್ಬರ ಮಾತಿಗೂ ಹಿಂದೆ ಬಲವಾದ ವಾದಗಳಿವೆ, ಅವುಗಳನ್ನು ಮುಂದೆ ವಿವರಿಸುತ್ತೇನೆ. ಆದರೆ ಮೊದಲಿಗೆ "ಹಾಗೆಯೇ ಬಿಡುವುದು" ಎಂಬ ಮಾತನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಏಕೆಂದರೆ ಹದಿನಾಲ್ಕು ವರ್ಷಗಳಿಂದ ನೀವು ಮಾಡಿರುವುದು ಅದನ್ನೇ, ಮತ್ತು ಅಲ್ಲಿ ಇನ್ನೂ ಕಾಡು ಬಂದಿಲ್ಲ ಎಂದು ನಿಮ್ಮ ಪತ್ರದಿಂದಲೇ ಊಹಿಸಬಹುದು.

ಎರಡು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ನನ್ನ ಸೋದರಮಾವನ ಹಡಿಲು ಗದ್ದೆಯಲ್ಲಿ ಒಂದು ಸುತ್ತು ನಡೆದು ಬಂದೆ. ಹುಣಿಗಳನ್ನು, ಅಂದರೆ ಗದ್ದೆಯ ಬದುಗಳನ್ನು, ಏಡಿಗಳು ತೂತು ಮಾಡಿದ್ದವು, ಅದೇ ತೂತಿನಲ್ಲಿ ನೀರು ನುಗ್ಗಿ ಎರಡು ಕಡೆ ಹುಣಿ ಕುಸಿದಿತ್ತು. ತಗ್ಗಿನ ಗದ್ದೆಯಲ್ಲಿ ಆಳೆತ್ತರದ ಆಪು ಹುಲ್ಲು, ಅದರ ಬುಡದಲ್ಲಿ ಮೊಣಕಾಲು ಮುಚ್ಚುವಷ್ಟು ಕೆಸರು. ಮೇಲಿನ ಗದ್ದೆಯಲ್ಲಿ ನಾಚಿಕೆಮುಳ್ಳು ಮತ್ತು ನಾವು ಚಿಕ್ಕಂದಿನಿಂದ ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಆ ಅಮೆರಿಕ ಮೂಲದ ಕಳೆ ಎಷ್ಟು ಒತ್ತಾಗಿ ಬೆಳೆದಿದ್ದವೆಂದರೆ ಅವುಗಳ ನಡುವೆ ಬೇರೆ ಯಾವ ಸಸಿಯೂ ತಲೆಯೆತ್ತಲು ಜಾಗವಿರಲಿಲ್ಲ. ಪಕ್ಕದ ತೋಟದಿಂದ ಬೀಜ ಬಂದು ಬಿದ್ದ ಅಕೇಶಿಯಾ ಮಾತ್ರ ಹತ್ತಾರು ಎದ್ದು ನಿಂತಿತ್ತು. ಆದರೆ ನಾಗಬನಕ್ಕೆ ತಾಗಿದ ಮೂಲೆಯಲ್ಲಿ, ಸುಮಾರು ಐದು ಸೆಂಟ್ಸ್ ಜಾಗದಲ್ಲಿ, ಹೊಂಗೆ, ಹೊಳೆಗೇರು, ರೆಂಜೆಯ ಸಸಿಗಳು ಎದೆಮಟ್ಟಕ್ಕೆ ಬಂದಿದ್ದವು. ಬನದ ಮರಗಳಿಂದ ಉದುರಿದ, ಹಕ್ಕಿಗಳು ತಂದು ಹಾಕಿದ ಬೀಜಗಳು ಅವು. ಕಾಡು ಮರಳಿ ಬರುವುದಕ್ಕೆ ಬೀಜದ ಮೂಲವೊಂದು ಹತ್ತಿರದಲ್ಲಿರಬೇಕು ಎಂದು ವಿಜ್ಞಾನಿಗಳು ಹೇಳುವುದನ್ನು ನಾನು ಓದಿದ್ದೆ, ಆದರೆ ಆ ಐದು ಸೆಂಟ್ಸಿನ ಮೂಲೆಯನ್ನು ನೋಡಿದ ಮೇಲೆ ಅದು ನಿಜವಾಗಿ ಅರ್ಥವಾಯಿತು.

ಈಗ ನಿಮ್ಮ ಮಗಳ ವಾದಕ್ಕೆ ಬರೋಣ. ಅವಳು ಬಹುಶಃ ಇಂಗ್ಲೆಂಡಿನ ನೆಪ್ ಎಸ್ಟೇಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿರಬಹುದು. ಪಶ್ಚಿಮ ಸಸೆಕ್ಸ್‌ನ ಈ 3,500 ಎಕರೆ ಜಮೀನಿನಲ್ಲಿ ಮಣ್ಣು ಜಿಗುಟು ಜೇಡಿ, ಬೇಸಾಯ ನಷ್ಟದ್ದು. ಮಾಲೀಕರು 2000ದ ಹೊತ್ತಿಗೆ ಹೈನುಗಾರಿಕೆಯನ್ನೂ ಉಳುಮೆಯನ್ನೂ ನಿಲ್ಲಿಸಿ, ಹಳೆಯ ತಳಿಯ ದನ, ಕುದುರೆ, ಹಂದಿ ಮತ್ತು ಜಿಂಕೆಗಳನ್ನು ಬಿಟ್ಟು ಜಮೀನನ್ನು ಅವುಗಳ ಪಾಲಿಗೆ ಒಪ್ಪಿಸಿದರು. ಇಂಗ್ಲೆಂಡಿನಲ್ಲಿ ಅಪರೂಪವಾಗುತ್ತಿದ್ದ ನೈಟಿಂಗೇಲ್ ಮತ್ತು ಟರ್ಟಲ್ ಡವ್ ಹಕ್ಕಿಗಳು ಅಲ್ಲಿ ಹೆಚ್ಚಿದವು. 2020ರಲ್ಲಿ ಅಲ್ಲಿ ಬಿಳಿ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿದ್ದು, ಬ್ರಿಟನ್ನಿನಲ್ಲಿ ನೂರಾರು ವರ್ಷಗಳ ಬಳಿಕ ಮೊದಲ ಬಾರಿಗೆ ಎಂದು ದೊಡ್ಡ ಸುದ್ದಿಯಾಯಿತು. ನಮ್ಮ ಕೊಡಗಿನಲ್ಲೂ ಒಂದು ಉದಾಹರಣೆಯಿದೆ: ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ ಬ್ರಹ್ಮಗಿರಿಯ ತಪ್ಪಲಿನಲ್ಲಿ 55 ಎಕರೆ ಕೊಂಡು, ಬಳಿಕ ಸುತ್ತಲಿನ ರೈತರು ಬಿಟ್ಟುಕೊಟ್ಟ ಜಮೀನನ್ನೂ ಸೇರಿಸಿ ಸುಮಾರು 300 ಎಕರೆಯ ಖಾಸಗಿ ಅಭಯಾರಣ್ಯ ಮಾಡಿದರು. ಇಂದು ಅಲ್ಲಿ ಆನೆಗಳು ಓಡಾಡುತ್ತವೆ.

ಆದರೆ ಈ ಎರಡು ಕಡೆಯೂ ಮಾಲೀಕರು ಅಲ್ಲೇ ವಾಸವಾಗಿದ್ದರು ಎಂಬುದನ್ನು ಮಗಳ ಗಮನಕ್ಕೆ ತನ್ನಿ. ನೆಪ್‌ನಲ್ಲಿ ಯಾವ ಪ್ರಾಣಿ ಎಷ್ಟಿರಬೇಕು ಎಂದು ಪ್ರತಿವರ್ಷ ತೀರ್ಮಾನಿಸಿ, ಹೆಚ್ಚಾದದ್ದನ್ನು ಮಾಂಸಕ್ಕೆ ಮಾರುತ್ತಾರೆ. ಕೊಡಗಿನಲ್ಲಂತೂ ಬೇಟೆಗಾರರನ್ನು ತಡೆಯುವುದಕ್ಕೇ ಆ ದಂಪತಿ ಹಲವು ವರ್ಷ ಹೆಣಗಬೇಕಾಯಿತು. ಕೈಕಟ್ಟಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್‌ನ ಊಸ್ಟ್‌ವಾರ್ಡರ್ಸ್‌ಪ್ಲಾಸನ್ ಎಂಬ ಕಡೆ ಪಾಠವಿದೆ. 1968ರಲ್ಲಿ ನೀರಿನಿಂದ ಬಿಡಿಸಿಕೊಂಡ ಆ ಭೂಮಿಯ ಸುಮಾರು 5,600 ಹೆಕ್ಟೇರನ್ನು ಪ್ರಕೃತಿಗೆ ಬಿಟ್ಟು, 80ರ ದಶಕದಲ್ಲಿ ದನ ಮತ್ತು ಕುದುರೆಗಳನ್ನು, ಬಳಿಕ ಕೆಂಪು ಜಿಂಕೆಗಳನ್ನು ಬೇಲಿಯೊಳಗೆ ಸೇರಿಸಿದರು. ಬೇಟೆಯಾಡುವ ಪ್ರಾಣಿ ಒಂದೂ ಇಲ್ಲದೆ ಹಿಂಡು ಬೆಳೆಯಿತು. 2017–18ರ ಚಳಿಗಾಲದಲ್ಲಿ ಮೇವಿಲ್ಲದೆ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು, ಅವುಗಳಲ್ಲಿ ಹೆಚ್ಚಿನವನ್ನು ನರಳದಿರಲಿ ಎಂದು ಅಧಿಕಾರಿಗಳೇ ಗುಂಡಿಟ್ಟು ಕೊಂದರು. ಜನ ಬೇಲಿಯಾಚೆಯಿಂದ ಹುಲ್ಲಿನ ಕಂತೆ ಎಸೆಯಲು ಮುಂದಾದರು. ಆ ಜನ ಮತ್ತು ಬೇಲಿಯೊಳಗಿನ ಪರಿಸರ ತಜ್ಞರು, ಇಬ್ಬರೂ ತಾವೇ ಪ್ರಕೃತಿಯ ಪರ ಎಂದು ನಂಬಿದ್ದರು.

ಇನ್ನು ದೊಡ್ಡಪ್ಪನ ಮಗನ ಮಾತು. ಅದರಲ್ಲಿ ಬರೀ ಭಾವುಕತೆಯಿದೆ ಎಂದು ಮುಂಬಯಿಯಲ್ಲಿ ಕುಳಿತ ನಮಗೆ ತೋರಬಹುದು, ಆದರೆ ಕರಾವಳಿಯ ಗದ್ದೆಯ ಲೆಕ್ಕಾಚಾರ ಬೇರೆ. ಬೈಲಿನಲ್ಲಿ ಒಬ್ಬನ ಗದ್ದೆ ಇನ್ನೊಬ್ಬನ ಗದ್ದೆಗೆ ನೀರು ಕೊಡುತ್ತದೆ. ನಡುವಿನ ಒಂದು ಪಾಲು ಹಡಿಲು ಬಿದ್ದು ತೋಡು ಹೂಳಿದರೆ ಮೇಲಿನವನ ಸಸಿ ಕೊಳೆಯುತ್ತದೆ, ಕೆಳಗಿನವನಿಗೆ ನೀರು ತಲುಪುವುದಿಲ್ಲ. ಪೊದೆಯಲ್ಲಿ ಬೀಡುಬಿಟ್ಟ ಹಂದಿ ರಾತ್ರಿ ಊಟಕ್ಕೆ ಹೋಗುವುದು ಪಕ್ಕದವನ ಗದ್ದೆಗೆ. ನಾಲ್ಕು ತಿಂಗಳು ಗದ್ದೆಯಲ್ಲಿ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಂಗುತ್ತಿತ್ತು ಎಂಬುದನ್ನು ಊರಿನ ಹಿರಿಯರು ಸುಮ್ಮನೆ ಹೇಳುವುದಿಲ್ಲ. ಹೀಗಾಗಿಯೇ 2021ರಲ್ಲಿ ಅಂದಿನ ಉಡುಪಿ ಶಾಸಕ ಕೆ. ರಘುಪತಿ ಭಟ್ ಅವರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನ ಕೈಗೊಂಡು, ಮಾಲೀಕರ ಒಪ್ಪಿಗೆ ಪಡೆದು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಮತ್ತೆ ನೇಜಿ (ಭತ್ತದ ಸಸಿ) ನೆಡಿಸಿದಾಗ ಅಷ್ಟೊಂದು ಜನ ಕೆಸರಿಗಿಳಿದರು. ಮಾಲೀಕರಲ್ಲಿ ಹಲವರು ನಿಮ್ಮಂತೆಯೇ ಮುಂಬಯಿಯವರು.

ಗದ್ದೆ ಪ್ರಕೃತಿಯ ಶತ್ರುವೂ ಅಲ್ಲ. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರುವ ಉಬರ್ ಮೀನು, ರಾತ್ರಿಯಿಡೀ ಕೂಗುವ ಕಪ್ಪೆಗಳು, ಉಳುವಾಗ ಹಿಂದೆಯೇ ನಡೆಯುವ ಬೆಳ್ಳಕ್ಕಿ, ಹುಣಿಯ ಮರೆಯಲ್ಲಿ ಮರಿ ಮಾಡುವ ಹುಂಡುಕೋಳಿ, ಇವೆಲ್ಲ ನೀರು ನಿಂತ ಗದ್ದೆಯ ಜೀವಗಳು. ಗದ್ದೆ ಒಣಗಿ ಪೊದೆಯಾದರೆ ಇವುಗಳ ಜಾಗಕ್ಕೆ ಬೇರೆ ಜೀವಗಳು ಬರುತ್ತವೆ ನಿಜ, ಆದರೆ ಇವು ಹೋಗುತ್ತವೆ. (ಗದ್ದೆಯ ನೀರಿನಿಂದ ಮೀಥೇನ್ ಅನಿಲ ಹೊರಬರುತ್ತದೆ ಎಂದು ಮಗಳು ಹೇಳಿದರೆ ಒಪ್ಪಿಕೊಳ್ಳಿ, ಅದು ಸರಿ.)

ವಿಜ್ಞಾನಿಗಳಲ್ಲೂ ಇದೇ ಜಗಳ ಇಪ್ಪತ್ತು ವರ್ಷಗಳಿಂದ ನಡೆದಿದೆ. ಕೇಂಬ್ರಿಜ್‌ನ ರೀಸ್ ಗ್ರೀನ್, ಆಂಡ್ರ್ಯೂ ಬಾಮ್‌ಫರ್ಡ್ ಮೊದಲಾದವರು 2005ರಲ್ಲಿ ಎತ್ತಿದ ಪ್ರಶ್ನೆಯಿದು: ಇದ್ದ ಹೊಲದಲ್ಲಿ ಇಳುವರಿ ಹೆಚ್ಚಿಸಿ ಉಳಿದ ಭೂಮಿಯನ್ನು ಪೂರ್ತಿ ಕಾಡಿಗೆ ಬಿಡುವುದು ಮೇಲೋ, ಅಥವಾ ಇಳುವರಿ ಕಡಿಮೆಯಾದರೂ ಹೊಲದಲ್ಲೇ ಹಕ್ಕಿ, ಮರಗಳಿಗೆ ಜಾಗ ಕೊಡುವುದು ಮೇಲೋ? ಘಾನಾ ಮತ್ತು ಉತ್ತರ ಭಾರತದಲ್ಲಿ ಹಕ್ಕಿಗಳನ್ನೂ ಮರಗಳನ್ನೂ ಎಣಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಪ್ರಭೇದಗಳಿಗೆ ಮೊದಲ ದಾರಿಯೇ ಒಳ್ಳೆಯದೆಂದು ಕಂಡುಬಂತು. ಇವರಿಗೆ ಎದುರಾಗಿ ಜಾನ್ ವಾಂಡರ್‌ಮೀರ್ ಮತ್ತು ಇವೆಟ್ ಪರ್ಫೆಕ್ಟೊ, ಮೆಕ್ಸಿಕೋದ ಕಾಫಿ ತೋಟಗಳ ಅಧ್ಯಯನದ ಆಧಾರದಲ್ಲಿ, ಕಾಡಿನ ತುಂಡುಗಳ ನಡುವೆ ಇರುವ ತೋಟಗಳೇ ಜೀವಿಗಳಿಗೆ ಸೇತುವೆಯಾಗುತ್ತವೆ, ತೋಟ ಕೆಟ್ಟರೆ ಕಾಡಿನ ತುಂಡೂ ಉಳಿಯದು ಎನ್ನುತ್ತಾರೆ. ಮರದ ನೆರಳಿನ ಕೊಡಗಿನ ಕಾಫಿ ತೋಟ ನೋಡಿದವರಿಗೆ ಎರಡನೆಯ ವಾದ ಬೇಗ ಮನಸ್ಸಿಗೆ ಹತ್ತುತ್ತದೆ. ಆದರೆ ಮೊದಲ ವಾದದಲ್ಲಿ ಒಂದು ಷರತ್ತಿದೆ, ಅದನ್ನು ಹಲವರು ಮರೆಯುತ್ತಾರೆ: ಬಿಟ್ಟ ಭೂಮಿ ನಿಜವಾಗಿಯೂ ಕಾಡಿಗೇ ಹೋಗಬೇಕು. ನಮ್ಮಲ್ಲಿ ಹಡಿಲು ಬಿದ್ದ ಗದ್ದೆ ಕಾಡಿಗೆ ಹೋಗುವ ಮೊದಲು ಭೂಪರಿವರ್ತನೆಗೆ, ಲೇಔಟಿಗೆ ಹೋಗುತ್ತದೆ. ನಿಮ್ಮ ಏಳು ಜನರಲ್ಲಿ ಒಬ್ಬರಾದರೂ ಈಗಾಗಲೇ ಬ್ರೋಕರ್ ಜೊತೆ ಮಾತನಾಡಿರಬಹುದೆಂದು ನನ್ನ ಗುಮಾನಿ, ತಪ್ಪಿದ್ದರೆ ಕ್ಷಮಿಸಿ.

ಕಾನೂನಿನ ಮಾತು ಎರಡೇ. ಬೇಸಾಯಕ್ಕೆ ಕೊಟ್ಟರೆ ಗದ್ದೆ ಕೈಬಿಟ್ಟೀತೆಂಬ ಭಯ ಮುಂಬಯಿಯ ನಮ್ಮವರಲ್ಲಿ, ಉಳುವವನಿಗೇ ಭೂಮಿ ಎಂದ 1974ರ ಭೂಸುಧಾರಣೆಯಿಂದ ಹಾಗೆಯೇ ಉಳಿದಿದೆ, ಹಡಿಲಿನ ಅರ್ಧ ಕಾರಣವೇ ಅದು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ಭೂಸುಧಾರಣಾ ಕಾಯ್ದೆಯ 5ನೆಯ ಕಲಂ ತಡೆಯುತ್ತದೆ. ಆದ್ದರಿಂದ ಕೂಲಿ ಕೊಟ್ಟು ಮಾಡಿಸುವುದೋ, ಬೇರೆ ಯಾವ ಒಪ್ಪಂದವೋ ಎಂಬುದನ್ನು ಊರಿನ ವಕೀಲರೊಡನೆ ಮಾತನಾಡಿಯೇ ಬರಹದಲ್ಲಿಡಿ. ಇನ್ನೊಂದು ಕಡೆ, ಕಾಡು ಬೆಳೆಸಿದರೆ ಮುಂದೆ ಅದನ್ನು ಮುಟ್ಟಲಾಗದು ಎಂಬ ಭಯವೂ ಇದೆ. ಮುಲುಂಡ್, ಠಾಣೆಯ ಕಡೆ ಫ್ಲ್ಯಾಟ್ ಕೊಂಡವರಿಗೆ ಜಾಗದ ದಾಖಲೆಯಲ್ಲಿ ಬಂದ "ಖಾಸಗಿ ಅರಣ್ಯ" ಎಂಬ ಎರಡು ಪದಗಳು ಎಷ್ಟು ನಿದ್ದೆ ಕೆಡಿಸಿದ್ದವೆಂದು ನಿಮಗೆ ಗೊತ್ತಿರಬಹುದು, 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆಯೇ ಅವರು ಉಸಿರಾಡಿದ್ದು. ಕರ್ನಾಟಕದಲ್ಲಿ ನಿಮ್ಮ ಸ್ವಂತ ಜಾಗದ ಮರ ಕಡಿಯುವುದಕ್ಕೂ, ವಿನಾಯಿತಿಯಿರುವ ಜಾತಿಗಳನ್ನು ಬಿಟ್ಟು, 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ನಿಮ್ಮ ಮಗಳಿಗೆ ಇದು ಒಳ್ಳೆಯ ಸುದ್ದಿ, ಪಹಣಿಯ ಉಳಿದ ಆರು ಜನರಿಗೆ ಹಾಗೆ ಅನಿಸಲಿಕ್ಕಿಲ್ಲ.

ನನ್ನ ಸಲಹೆ ಕೇಳಿದರೆ, ಮೂರೂವರೆ ಎಕರೆಯನ್ನು ಒಂದೇ ಗದ್ದೆ ಎಂದು ನೋಡಬೇಡಿ. ನಮ್ಮ ಹಿರಿಯರು ತಗ್ಗಿನದಕ್ಕೆ ಬೈಲು, ನಡುವಿನದಕ್ಕೆ ಮಜಲು, ಎತ್ತರದ್ದಕ್ಕೆ ಬೆಟ್ಟು ಎಂದು ಮೂರು ಹೆಸರಿಟ್ಟದ್ದು ಸುಮ್ಮನಲ್ಲ. ಏಣೆಲು (ಮಳೆಗಾಲದ ಬೆಳೆ), ಸುಗ್ಗಿ, ಕೊಳಕೆ ಮೂರೂ ಬೆಳೆ ಬರುತ್ತಿದ್ದ ಬೈಲು ಗದ್ದೆಯಿದ್ದರೆ ಅದನ್ನು ದೊಡ್ಡಪ್ಪನ ಮಗನಿಗೆ ಬಿಡಿ, ಅವರು ಒಂದು ಏಣೆಲನ್ನಾದರೂ ಬೆಳೆಯಲಿ. ಅಲ್ಲಿ ಕಾಡು ಬರಿಸಲು ಹೊರಟರೆ ಕೆಡುವುದು ಅಕ್ಕಪಕ್ಕದವರ ಬೇಸಾಯ. ಮಳೆಯ ನೀರನ್ನೇ ನಂಬಿ ಒಂದೇ ಬೆಳೆ ಬರುತ್ತಿದ್ದ ಬೆಟ್ಟು ಗದ್ದೆಯನ್ನು ಮಗಳಿಗೆ ಕೊಡಿ, ಅದರಲ್ಲೂ ಅದು ನಾಗಬನಕ್ಕೋ ಹಾಡಿಗೋ ತಾಗಿದ್ದರೆ ಖಂಡಿತ ಕೊಡಿ. ಆದರೆ ಅವಳು ಮೊದಲ ನಾಲ್ಕೈದು ವರ್ಷ ಮಳೆ ಮುಗಿದ ಮೇಲೆ ಬಂದು ಅಕೇಶಿಯಾ ಸಸಿಗಳನ್ನು ಕಿತ್ತು, ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲು ಸವರಬೇಕು, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಅಂಚು ಕೆರೆಸಬೇಕು. ಮತ್ಸ್ಯಗಂಧ ರೈಲಿನ ಟಿಕೆಟ್ಟನ್ನು ಬೇಗ ಮಾಡಿಸುವುದೂ ಈ ಯೋಜನೆಯ ಭಾಗವೆಂದು ಅವಳಿಗೆ ಹೇಳಿ. ಮಜಲಿನ ವಿಷಯ ಮಾತ್ರ ನೀವೇ ಸ್ಥಳದಲ್ಲಿ ನಿಂತು ನೋಡದೆ ಇಲ್ಲಿಂದ ಹೇಳಲಾಗದು.

ಪ್ರಶ್ನೆ: ಕೋಟಿಗಟ್ಟಲೆ ಜನರಿಗೆ ಹೊಟ್ಟೆ ತುಂಬದ ದೇಶದಲ್ಲಿ ಉಳುವ ಭೂಮಿಯನ್ನು ಕಾಡಿಗೆ ಬಿಡುವ ಮಾತು ಹಣವಂತರ ಶೋಕಿಯಲ್ಲವೇ?

– ಓದುಗರೊಬ್ಬರು, ಕೋಥ್ರುಡ್, ಪುಣೆ

ಉತ್ತರ: ಅರ್ಧ ಸರಿ. ಯುರೋಪಿಯನ್ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟ) 1992ರಲ್ಲಿ ರೈತರಿಗೆ ಜಮೀನಿನ ಒಂದು ಪಾಲನ್ನು ಬೀಳು ಬಿಡುವುದನ್ನು ಕಡ್ಡಾಯ ಮಾಡಿದ್ದು ಹಕ್ಕಿಗಳ ಮೇಲಿನ ಪ್ರೀತಿಗಲ್ಲ, ಗೋದಾಮಿನಲ್ಲಿ ಧಾನ್ಯ ಹೆಚ್ಚಾಗಿತ್ತು ಎಂಬ ಕಾರಣಕ್ಕೆ. ಹಕ್ಕಿಗಳಿಗೆ ಲಾಭವಾದದ್ದು ಆಮೇಲೆ ತಿಳಿಯಿತು. ಧಾನ್ಯದ ಬೆಲೆ ಏರಿದ ಕೂಡಲೇ, 2008ರಲ್ಲಿ, ಆ ನಿಯಮವನ್ನೇ ತೆಗೆದುಹಾಕಿದರು. ಹೊಟ್ಟೆ ತುಂಬಿದವರ ಮಾತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಚೀನಾ ಶ್ರೀಮಂತವಾಗುವ ಮೊದಲೇ, 1999ರಲ್ಲಿ, ಕಡಿದಾದ ಇಳಿಜಾರಿನ ಹೊಲಗಳನ್ನು ಬಿಡಿಸಿ ಮರ ಬೆಳೆಸಲು ಶುರುಮಾಡಿತು. ಅದಕ್ಕೆ ಮುಂಚಿನ ವರ್ಷದ ಭೀಕರ ನೆರೆ ಮತ್ತು ನದಿಗಳಿಗೆ ಕೊಚ್ಚಿಹೋಗುತ್ತಿದ್ದ ಮಣ್ಣು ಅದಕ್ಕೆ ಕಾರಣ. ಅಲ್ಲಿ ಹೊಲ ಬಿಟ್ಟ ರೈತನಿಗೆ ಸರಕಾರ ಧಾನ್ಯವನ್ನೂ ಹಣವನ್ನೂ ಕೊಟ್ಟಿತು. ಅನೇಕ ಕಡೆ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟದ್ದರಿಂದ ಅದು ಕಾಡಿಗಿಂತ ನೆಡುತೋಪಿಗೆ ಹತ್ತಿರವಾಯಿತು ಎಂಬ ಟೀಕೆಯೂ ಇದೆ.

ಹಾಗಾಗಿ ಭೂಮಿ ಬಿಡಬೇಕೇ ಎಂಬುದಕ್ಕಿಂತ ಬಿಟ್ಟವನ ಹೊಟ್ಟೆಗೆ ಯಾರು ಹೊಣೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ನೀವು ಪುಣೆಯವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ: ಮುಳಶಿ, ಮಾವಳದ ಕಡೆ ಭಾನುವಾರ ಒಂದು ಸುತ್ತು ಹೋಗಿ ಬನ್ನಿ. ಭತ್ತದ ಖಾಚರಗಳು (ಗದ್ದೆಗಳು) ಅಲ್ಲಿ ಕಡಿಮೆಯಾಗುತ್ತಿರುವುದು ಕಾಡಿನಿಂದಲ್ಲ, ಈಜುಕೊಳವಿರುವ ಫಾರ್ಮ್‌ಹೌಸ್‌ಗಳಿಂದ. ಹಸಿವಿನ ಹೆಸರಿನಲ್ಲಿ ಕಾಡನ್ನು ಪ್ರಶ್ನಿಸುವ ನಾವು ಫಾರ್ಮ್‌ಹೌಸಿನ ಗೇಟಿನ ಮುಂದೆ ಆ ಪ್ರಶ್ನೆ ಕೇಳುವುದನ್ನು ನಾನು ಇನ್ನೂ ಕಂಡಿಲ್ಲ.

ಪ್ರಶ್ನೆ: ನಾನು ಕುಮಟಾ ಕಡೆಯವನು, ಉದ್ಯೋಗದ ನಿಮಿತ್ತ ಮಡಗಾಂವಿನಲ್ಲಿದ್ದೇನೆ. ಇಲ್ಲಿನ ಖಾಜನ್ ಗದ್ದೆಗಳ ಕಟ್ಟೆ ಒಡೆದ ಕಡೆಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ದಟ್ಟವಾಗಿ ಬೆಳೆದಿವೆ. ಪ್ರಕೃತಿ ತನ್ನ ಜಾಗವನ್ನು ಮರಳಿ ಪಡೆಯಿತು ಎಂದು ಕೆಲವು ಗೆಳೆಯರು ಸಂತೋಷಪಡುತ್ತಾರೆ, ಗದ್ದೆ ಮುಳುಗಿತು ಎಂದು ಸ್ಥಳೀಯ ರೈತರು ಅಳುತ್ತಾರೆ. ಇದನ್ನು ಹೇಗೆ ನೋಡಬೇಕು?

– ಓದುಗರೊಬ್ಬರು, ಮಡಗಾಂವ್

ಉತ್ತರ: ಕುಮಟಾದವರಾದ ನಿಮಗೆ ಗಜನಿ ಗದ್ದೆ ಗೊತ್ತು, ಆದ್ದರಿಂದ ಖಾಜನ್ ಹೊಸದಲ್ಲ. ಉಪ್ಪುನೀರನ್ನು ಮಣ್ಣಿನ ಕಟ್ಟೆಯಿಂದ ತಡೆದು, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ನಿಮ್ಮಲ್ಲಿ ಕಗ್ಗ, ಗೋವೆಯಲ್ಲಿ ಕೊರ್ಗುಟ್ ಭತ್ತವನ್ನು ಬೆಳೆಯುವುದು, ಕೊಯ್ಲಿನ ನಂತರ ಅದೇ ಜಾಗದಲ್ಲಿ ಸಿಗಡಿ, ಮೀನು ಹಿಡಿಯುವುದು ಎರಡೂ ಕಡೆಯ ಪದ್ಧತಿ. ಗೋವೆಯಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್ ಎಂದು ಲೆಕ್ಕ. ಇದರ ಪ್ರಾಣ ಇರುವುದು ಮಾನಸ್ ಎಂದು ಕರೆಯುವ ಮರದ ತೂಬಿನಲ್ಲಿ. ಭರತದ ನೀರು ಹೊರಗಿನಿಂದ ಒತ್ತಿದಾಗ ಅದರ ಬಾಗಿಲು ತಾನಾಗಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ಸಿಹಿನೀರು ತಳ್ಳಿ ತೆರೆಯುತ್ತದೆ. ತೂಬಿನ ಬಾಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ. ಮೀನಿನ ಆದಾಯ ಭತ್ತದ್ದಕ್ಕಿಂತ ಹೆಚ್ಚಾದಂತೆ, ಉಪ್ಪುನೀರು ಒಳಗೆ ಬರಲಿ ಎಂದು ಬಾಗಿಲನ್ನು ತೆರೆದಿಡುವ ಆಸೆಯೂ ಹೆಚ್ಚಿತು. ಕಟ್ಟೆಗೆ ಮಣ್ಣು ಹಾಕುವ ಕೈಗಳು ಕಡಿಮೆಯಾದವು. ಹೀಗೆ ಒಡೆದ ಕಟ್ಟೆಯನ್ನು ಪ್ರಕೃತಿ ಒಡೆಯಿತು ಎನ್ನುವುದು ಪೂರ್ತಿ ನಿಜವಲ್ಲ.

ಗೆಳೆಯರ ಸಂತೋಷಕ್ಕೂ ಕಾರಣವಿದೆ. ಕಾಂಡ್ಲಾ ಬೇರುಗಳ ನಡುವೆ ಮೀನು ಮರಿ ಬೆಳೆಯುತ್ತವೆ, ದಡದ ಮಣ್ಣು ನಿಲ್ಲುತ್ತದೆ. ನಿಮ್ಮ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸರ್ ಮಾನ್ಯತೆ ಸಿಕ್ಕಿದ್ದರಲ್ಲಿ ಈ ಗಿಡಗಳ ಪಾಲೂ ಇದೆ. ಮಹಾರಾಷ್ಟ್ರದ ವಿಷಯಕ್ಕೆ ಬಂದರೆ, ಬಾಂಬೆ ಹೈಕೋರ್ಟ್ 2005ರಲ್ಲೇ ಖಾಸಗಿ ಜಾಗದಲ್ಲಿರುವ ಕಾಂಡ್ಲಾವನ್ನೂ ರಕ್ಷಿಸಬೇಕೆಂದು ಆದೇಶ ಕೊಟ್ಟಿತು, 2018ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅದಿಲ್ಲದಿದ್ದರೆ ಠಾಣೆ ಖಾಡಿಯ ದಡದಲ್ಲಿ ಈ ಹೊತ್ತಿಗೆ ಕಟ್ಟಡಗಳೇ ಇರುತ್ತಿದ್ದವು. ಆದರೆ ಅದೇ ರಕ್ಷಣೆಯ ಇನ್ನೊಂದು ಮುಖವನ್ನು ರಾಯಗಡದ ಪೇಣ್, ಅಲಿಬಾಗ್ ಕಡೆಯ, ಉಪ್ಪುನೀರು ತಡೆದು ಮಾಡಿದ ಖಾರ್ ಜಮೀನಿನ ರೈತರಿಂದ ಕೇಳಬೇಕು. ಕಟ್ಟೆ ಒಡೆದು, ಸರಕಾರ ಬೇಗ ದುರಸ್ತಿ ಮಾಡದೆ, ಗದ್ದೆಯಲ್ಲಿ ಗಿಡ ಎದ್ದರೆ ಆಮೇಲೆ ಅದನ್ನು ಕೀಳುವಂತಿಲ್ಲ. ಪಹಣಿಯಲ್ಲಿ ಹೆಸರು ಉಳಿದರೂ ಗದ್ದೆ ಉಳಿಯುವುದಿಲ್ಲ.

ಕಾಂಡ್ಲಾ ಕಟ್ಟೆಯ ಹೊರಗಿದ್ದರೆ ಗದ್ದೆಗೆ ಕಾವಲುಗಾರ, ಅಲೆಯ ಹೊಡೆತವನ್ನು ಅದೇ ತಾಳಿಕೊಳ್ಳುತ್ತದೆ. ಒಳಗೆ ಬಂದರೆ ಒತ್ತುವರಿದಾರ. ಊರಿನ ಜಮೀನು ನೋಡಿಕೊಳ್ಳುತ್ತಿದ್ದ ಹಳೆಯ ಗಾಂವ್ಕಾರರು ಹೊರಗಿನ ಸಾಲನ್ನು ಉಳಿಸಿ ಒಳಗಿನ ಸಸಿಗಳನ್ನು ಎಳೆಯದರಲ್ಲೇ ಕೀಳುತ್ತಿದ್ದರು. ಹಾಗಾಗಿ ಇಡೀ ಗೋವೆಗೆ ಒಂದೇ ಉತ್ತರ ಕೊಡಲು ನಾನು ಸಿದ್ಧನಿಲ್ಲ. ದಶಕಗಳಿಂದ ಯಾರೂ ಉಳದೆ ಬಲಿತ ಕಾಂಡ್ಲಾ ಕಾಡಾದ ಕಡೆ ಅದನ್ನು ಕಡಿದು ಮತ್ತೆ ಗದ್ದೆ ಮಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಗದ್ದೆ ಕಳೆದುಕೊಂಡವನಿಗೆ ಪರಿಹಾರ ಸಿಗಬೇಕು. ಕಟ್ಟೆ ನಿನ್ನೆ ಮೊನ್ನೆ ಒಡೆದು, ಇನ್ನೂ ಉಳುವವರಿರುವ ಕಡೆ, ಗಿಡ ಮಂಡಿಯೆತ್ತರ ಬರುವ ಮೊದಲೇ ತೂಬು ರಿಪೇರಿಯಾಗಬೇಕು. ನಿಮ್ಮ ಗೆಳೆಯರನ್ನು ಒಂದು ದಿನ ಇಳಿತದ ಹೊತ್ತಿಗೆ ಕರೆದುಕೊಂಡು ಹೋಗಿ, ಕಟ್ಟೆಯ ಮೇಲೆ ನಿಲ್ಲಿಸಿ, ಗಿಡಗಳು ಯಾವ ಬದಿಯಲ್ಲಿವೆ ಮತ್ತು ಮಾನಸಿನ ಬಾಗಿಲಿಗೆ ಯಾರಾದರೂ ಕಲ್ಲು ಸಿಕ್ಕಿಸಿ ತೆರೆದಿಟ್ಟಿದ್ದಾರೆಯೇ ಎಂದು ತೋರಿಸಿ.